ಚಕ್ರದಡಿಯ ಇಟ್ಟಿಗೆ: ಹಳೆಯ ಫೋರ್ಡ್ ಗಾಡಿಯ ಹ್ಯಾಂಡ್‌ಬ್ರೇಕಿನ ಕಥೆ



ನಿಮ್ಮೊಂದಿಗೆ ದನಿಯಲ್ಲಿ ಮಾತಾಡುವ ನಾನು ಈ ಸಲ ಅಕ್ಷರದಲ್ಲಿ ಮಾತಾಡಲು ಕೂತಿದ್ದೇನೆ. ಹಾಡಿನ ವಿಷಯವಲ್ಲ, ಸಿನಿಮಾದ ವಿಷಯವೂ ಅಲ್ಲ. ಒಂದು ಇಟ್ಟಿಗೆಯ ವಿಷಯ.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಬೆಳಿಗ್ಗೆ. ಮಲಬಾರ್ ಹಿಲ್‌ನಿಂದ ಹಿರಿಯ ಕಲಾವಿದರೊಬ್ಬರನ್ನು ಸ್ಟುಡಿಯೋಗೆ ಕರೆತರಬೇಕಿತ್ತು. ಸಿಕ್ಕಿದ್ದು ಒಂದು ಹಳೆಯ ಟ್ಯಾಕ್ಸಿ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿ ಚಾಲಕರು ತಿರುಗಿ, "ನಿಮ್ದ್ ಯಾವೂರ್ ಅಕ್ಕ?" ಎಂದರು. ಕುಂದಾಪುರದ ಕಡೆಯವರು. ಅಲ್ಲಿಂದ ಮುಂದೆ ದಾರಿ ಸವೆದದ್ದೇ ತಿಳಿಯಲಿಲ್ಲ.

ಕಲಾವಿದರ ಮನೆಯ ಮುಂದೆ ರಸ್ತೆ ಇಳಿಜಾರು. ಚಾಲಕರು ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆಗೆದು ಇಳಿದರು. ಅವರ ಒಂದು ಕಾಲು ನೆಲದ ಮೇಲಿತ್ತು, ನಾನಿನ್ನೂ ಒಳಗೇ ಇದ್ದೆ. ಗಾಡಿ ಒಂದು ಗೇಣು ಮುಂದೆ ಜಾರಿತು. ನನ್ನ ಎದೆ ಝಲ್ಲೆಂದಿತು. ಅವರು ಮಾತ್ರ ಗಾಬರಿಯಾಗಲಿಲ್ಲ. ಸೀಟಿನ ಕೆಳಗಿನಿಂದ ಒಂದು ಇಟ್ಟಿಗೆ ತೆಗೆದು ಮುಂದಿನ ಚಕ್ರದ ಎದುರಿಗೆ ಇಟ್ಟರು. ಗಾಡಿ ನಿಂತಿತು.

"ಹ್ಯಾಂಡ್‌ಬ್ರೇಕ್ ಇಲ್ವಾ?" ಎಂದು ಕೇಳಿದೆ.

"ಹ್ಯಾಂಡ್‌ಬ್ರೇಕ್ ಇತ್ತ್ ಅಕ್ಕ. ಆರೆ ನಂಬ್ಕಿ ಇಪ್ಪುದ್ ಇದ್ರ ಮೇಲೆ" ಎಂದು ಇಟ್ಟಿಗೆ ತೋರಿಸಿದರು.

ಕುಂದಾಪುರದ ಕನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂದರ್ಥ. ಪುಸ್ತಕದ ಕನ್ನಡ ಓದಿ ಬಿ.ಎ. ಮಾಡಿದ ನನಗೆ ಮಾತ್ರ ಅದು ‘ಒಂದು ಕಾಲದಲ್ಲಿ ಇತ್ತು’ ಎಂದೇ ಕೇಳಿಸಿತು. ಆ ಗಾಡಿಯ ಮಟ್ಟಿಗೆ ಎರಡು ಅರ್ಥವೂ ಸರಿಯೇ!

ನಗು ಬಂದರೂ ಆ ಒಂದು ಗೇಣು ಮನಸ್ಸಿನಿಂದ ಹೋಗಲಿಲ್ಲ. ಅಷ್ಟು ದೊಡ್ಡ ಯಂತ್ರ ಮಾಡಬಲ್ಲ ಮನುಷ್ಯನಿಗೆ ಅದನ್ನು ನಿಂತಲ್ಲೇ ನಿಲ್ಲಿಸಿಕೊಳ್ಳಲು ಇಟ್ಟಿಗೆ ಯಾಕೆ ಬೇಕಾಯಿತು? ಈ ಪ್ರಶ್ನೆ ಹಿಡಿದು ಹಳೆಯ ಕಾರುಗಳ ಬಗ್ಗೆ ಓದುತ್ತಾ ಹೋದೆ. ಓದು ನನ್ನನ್ನು ಮುಂಬೈಯಿಂದ ಬಹಳ ದೂರಕ್ಕೆ, ನೂರು ವರ್ಷಕ್ಕೂ ಹಿಂದಿನ ಅಮೆರಿಕದ ಡೆಟ್ರಾಯಿಟ್‌ಗೆ ಕರೆದೊಯ್ದಿತು. ಅಲ್ಲಿ ತಯಾರಾದ ಒಂದು ಕಾರಿನ ಹ್ಯಾಂಡ್‌ಬ್ರೇಕ್‌ಗೆ ಅದರದ್ದೇ ಆದ ಒಂದು ಚರಿತ್ರೆಯಿದೆ. ಆ ಕಾರು ಫೋರ್ಡ್ ಮಾಡೆಲ್ ಟಿ.

ಈ ಹೆಸರನ್ನು ನೀವು ಶಾಲೆಯ ಪುಸ್ತಕದಲ್ಲೇ ಓದಿರುತ್ತೀರಿ. 1908ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದು 1927ರ ಮೇ ತಿಂಗಳವರೆಗೆ ತಯಾರಾದ ಗಾಡಿ. ಹತ್ತೊಂಬತ್ತು ವರ್ಷಗಳಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಗಾಡಿಗಳು ಹೊರಬಂದವು. ಶ್ರೀಮಂತರ ಆಟದ ವಸ್ತುವಾಗಿದ್ದ ಕಾರು ರೈತನ ಅಂಗಳಕ್ಕೆ ಬಂದದ್ದು ಇದರಿಂದ. 1913ರಲ್ಲಿ ಹೆನ್ರಿ ಫೋರ್ಡ್ ತನ್ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ತಂದ ಮೇಲೆ, ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚಾಸಿ ಜೋಡಣೆ 93 ನಿಮಿಷಕ್ಕೆ ಇಳಿಯಿತು. ಬೆಲೆಯೂ ಇಳಿಯಿತು. ಮೊದಲಿಗೆ ಸುಮಾರು 850 ಡಾಲರ್ ಇದ್ದದ್ದು 1925ರ ಹೊತ್ತಿಗೆ ಅತಿ ಅಗ್ಗದ ಮಾದರಿಗೆ 260 ಡಾಲರ್ ಆಯಿತು.

ಇದೆಲ್ಲ ಓಡಿಸುವ ಕಥೆ, ಮಾರುವ ಕಥೆ. ನಿಲ್ಲಿಸುವ ಕಥೆ ಇನ್ನೊಂದು.

ಅದನ್ನು ತಿಳಿಯಲು ಕಾರಿನೊಳಗೆ ಕೂರಬೇಕು. ಇಂದಿನ ಚಾಲಕರನ್ನು ಅದರಲ್ಲಿ ಕೂರಿಸಿದರೆ ಅವರಿಗೆ ದಿಕ್ಕೇ ತೋಚುವುದಿಲ್ಲ. ಕಾಲಿನ ಬಳಿ ಮೂರು ಪೆಡಲುಗಳಿವೆ, ಆದರೆ ಒಂದೂ ಆಕ್ಸಿಲರೇಟರ್ ಅಲ್ಲ. ಅದು ಸ್ಟೀರಿಂಗ್ ಬಳಿ ಕೈಯಿಂದ ಎಳೆಯುವ ಒಂದು ಸಣ್ಣ ಕಡ್ಡಿ. ಬಲಗಡೆಯ ಪೆಡಲ್ ಬ್ರೇಕಿನದು, ನಡುವಿನದು ರಿವರ್ಸಿನದು. ಎಡಗಡೆಯದರಲ್ಲಿ ಮೂರು ಕೆಲಸ: ಪೂರ್ತಿ ಒತ್ತಿ ಹಿಡಿದರೆ ನಿಧಾನದ ಗೇರು, ಪೂರ್ತಿ ಬಿಟ್ಟರೆ ವೇಗದ ಗೇರು, ಅರ್ಧಕ್ಕೆ ಹಿಡಿದರೆ ನ್ಯೂಟ್ರಲ್.

ಇಲ್ಲೊಂದು ತೊಡಕಿದೆ. ಎಡ ಪೆಡಲಿನಿಂದ ಕಾಲು ತೆಗೆದ ಕೂಡಲೇ ಗಾಡಿ ವೇಗದ ಗೇರಿಗೆ ಬೀಳುತ್ತದೆ. ಹಾಗಾದರೆ ಎಂಜಿನ್ ಚಾಲೂ ಇಟ್ಟು ಚಾಲಕ ಇಳಿಯುವುದು ಹೇಗೆ? ಎಂಜಿನ್ ಚಾಲೂ ಮಾಡುವುದಾದರೂ ಹೇಗೆ? ಆಗ ಕೀಲಿಕೈ ತಿರುಗಿಸಿ ಸ್ಟಾರ್ಟ್ ಮಾಡುವ ಕಾಲವಲ್ಲ. ಗಾಡಿಯ ಮುಂದೆ ನಿಂತು, ಬಗ್ಗಿ, ಹ್ಯಾಂಡಲ್ ಹೊಡೆಯಬೇಕು. ಆ ಹೊತ್ತಿನಲ್ಲಿ ಪೆಡಲಿನ ಮೇಲೆ ಕಾಲಿಡಲು ಯಾರೂ ಇಲ್ಲ.

ಇದಕ್ಕೆ ಫೋರ್ಡ್ ಗಾಡಿಯಲ್ಲಿ ಇದ್ದ ಉತ್ತರ ಹ್ಯಾಂಡ್‌ಬ್ರೇಕ್. ಚಾಲಕನ ಎಡಗಡೆ ನೆಲದಿಂದ ಎದ್ದು ನಿಂತ ಉದ್ದದ ಲಿವರ್. ಪೂರ್ತಿ ಮುಂದಕ್ಕೆ ತಳ್ಳಿದ್ದರೆ ವೇಗದ ಗೇರಿಗೆ ದಾರಿ ತೆರೆದಿರುತ್ತದೆ. ನೆಟ್ಟಗೆ ನಿಲ್ಲಿಸಿದರೆ ಕ್ಲಚ್ ಬಿಡಿಸಿಕೊಂಡು ಗಾಡಿ ನ್ಯೂಟ್ರಲ್‌ಗೆ ಬರುತ್ತದೆ. ಪೂರ್ತಿ ಹಿಂದಕ್ಕೆ ಎಳೆದರೆ ನ್ಯೂಟ್ರಲ್ ಹಾಗೆಯೇ ಉಳಿದು, ಜೊತೆಗೆ ಹಿಂದಿನ ಎರಡು ಚಕ್ರಗಳ ಬ್ರೇಕ್ ಬೀಳುತ್ತದೆ. ಅಂದರೆ ಒಂದೇ ಲಿವರಿಗೆ ಎರಡು ಕೆಲಸ: ಎಂಜಿನ್ನಿನ ಬಲ ಚಕ್ರಕ್ಕೆ ಹೋಗದಂತೆ ತಡೆಯುವುದು, ಚಕ್ರವನ್ನು ಹಿಡಿದು ನಿಲ್ಲಿಸುವುದು.

ಕೇಳಲು ಜಾಣತನದ ಏರ್ಪಾಡು. ಆದರೆ ಒಂದೇ ಆಳಿಗೆ ಎರಡು ಕೆಲಸ ವಹಿಸಿದರೆ, ಕೆಲಸ ಕೆಟ್ಟಾಗ ಯಾವುದು ಕೆಟ್ಟಿತು ಎಂದು ಹೇಳುವುದು ಕಷ್ಟ. ಮಾಡೆಲ್ ಟಿಯಲ್ಲಿ ಆದದ್ದೂ ಅದೇ.

ದೆಹಲಿಯ ಕೇಳುಗರಿಗೆ ಡಿಸೆಂಬರಿನ ಕೊಬ್ಬರಿ ಎಣ್ಣೆಯ ಬಗ್ಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಬಾಟಲಿ ತಲೆಕೆಳಗೆ ಮಾಡಿದರೂ ಒಂದು ಹನಿ ಬೀಳುವುದಿಲ್ಲ, ಬಿಸಿಲಿಗೆ ಇಡಬೇಕು. ಎಂಜಿನ್ ಆಯಿಲ್ ಹಾಗೆ ಗಡ್ಡೆ ಕಟ್ಟದಿದ್ದರೂ ಚಳಿಯಲ್ಲಿ ಮಂದವಾಗುತ್ತದೆ. ಮಾಡೆಲ್ ಟಿಯ ಕ್ಲಚ್ ಎಂದರೆ ಒಂದರ ಪಕ್ಕ ಒಂದು ಜೋಡಿಸಿದ ಉಕ್ಕಿನ ತೆಳು ಬಿಲ್ಲೆಗಳ ಕಟ್ಟು. ಅದು ಎಂಜಿನ್ನಿನ ಎಣ್ಣೆಯಲ್ಲೇ ನೆನೆದು ಕೆಲಸ ಮಾಡುತ್ತಿತ್ತು. ಬಿಲ್ಲೆಗಳು ಒತ್ತಿಕೊಂಡರೆ ಬಲ ಹರಿಯುತ್ತದೆ, ಸಡಿಲವಾದರೆ ಬಲ ನಿಲ್ಲುತ್ತದೆ. ತೊಳೆದು ಒದ್ದೆಯಲ್ಲೇ ಪೇರಿಸಿಟ್ಟ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಅಡುಗೆಮನೆಯಲ್ಲಿ ನೋಡಿದ್ದೀರಲ್ಲ? ಚಳಿಯ ಬೆಳಿಗ್ಗೆ ಆ ಬಿಲ್ಲೆಗಳದ್ದೂ ಅದೇ ಪಾಡು. ಲಿವರ್ ಹಿಂದಕ್ಕೆ ಎಳೆದು ಕ್ಲಚ್ ಸಡಿಲ ಮಾಡಿದ್ದರೂ, ಮಂದವಾದ ಎಣ್ಣೆಯಿಂದ ಅವು ಪೂರ್ತಿ ಬಿಡಿಸಿಕೊಳ್ಳುತ್ತಿರಲಿಲ್ಲ.

ಈಗ ಆ ಮನುಷ್ಯನನ್ನು ನೆನೆಸಿಕೊಳ್ಳಿ. ಹೊರಗೆ ಹಿಮ. ಶೆಡ್ಡಿನಲ್ಲಿ ಗಾಡಿ. ಅದರ ಮುಂದೆ ಬಗ್ಗಿ ನಿಂತು ಹ್ಯಾಂಡಲ್ ಹೊಡೆಯುತ್ತಿದ್ದಾನೆ. ಎಂಜಿನ್ ಒಮ್ಮೆಗೇ ಹತ್ತಿಕೊಳ್ಳುತ್ತದೆ. ಕ್ಲಚ್ ಅಂಟಿದೆ. ಗಾಡಿ ಮೆಲ್ಲಗೆ ಅವನ ಕಡೆಗೆ ತೆವಳಲು ಶುರು ಮಾಡುತ್ತದೆ. ಬೆನ್ನ ಹಿಂದೆ ಶೆಡ್ಡಿನ ಗೋಡೆ. ಎದುರಿಗೆ ತಾನೇ ಜೀವ ಕೊಟ್ಟ ಯಂತ್ರ. ಓಡಿಹೋಗಿ ಲಿವರ್ ಹಿಡಿಯೋಣವೆಂದರೆ ಅದಕ್ಕೂ ಅಡ್ಡಿ: ಅಮೆರಿಕದಲ್ಲಿ 1912ರಿಂದ 1925ರವರೆಗೆ ತಯಾರಾದ ತೆರೆದ ಮಾದರಿಯ ಗಾಡಿಗಳಲ್ಲಿ ಚಾಲಕನ ಕಡೆಗೆ ತೆರೆಯುವ ಬಾಗಿಲೇ ಇರಲಿಲ್ಲ, ಬಾಗಿಲಿನ ಆಕಾರದ ತಗಡು ಮಾತ್ರ ಇತ್ತು. ಇನ್ನೊಂದು ಕಡೆಯಿಂದ ಹತ್ತಬೇಕು.

ಆ ಕ್ಷಣದಲ್ಲಿ ಅವನ ಮತ್ತು ಗಾಡಿಯ ನಡುವೆ ಇದ್ದದ್ದು ಹಿಂದಿನ ಚಕ್ರಗಳ ಹ್ಯಾಂಡ್‌ಬ್ರೇಕ್ ಒಂದೇ. ನಾವು ಹ್ಯಾಂಡ್‌ಬ್ರೇಕನ್ನು ಗಾಡಿ ನಿಲ್ಲಿಸಿ ಹೋಗುವಾಗ ನೆನಪಾಗುವ ವಸ್ತು ಎಂದುಕೊಂಡಿದ್ದೇವೆ. ಆ ಗಾಡಿಯಲ್ಲಿ ಅದು ಮುಂದೆ ನಿಂತವನ ಪ್ರಾಣದ ಕಾವಲು. ಕೈಪಿಡಿಯೂ ಹೇಳುತ್ತಿತ್ತು, ಹ್ಯಾಂಡಲ್ ಮುಟ್ಟುವ ಮೊದಲು ಲಿವರ್ ಹಿಂದಕ್ಕೆ ಎಳೆದಿದೆಯೇ ನೋಡಿಕೊಳ್ಳಬೇಕೆಂದು.

ಆದರೆ ಆ ಕಾವಲುಗಾರ ಬಡಕಲು. ಹಿಂದಿನ ಚಕ್ರದ ಡ್ರಮ್ಮು ಸುಮಾರು 8 ಇಂಚಿನದು. ಅದರೊಳಗೆ ಎರಡು ಬೀಡು ಕಬ್ಬಿಣದ ಶೂಗಳು, ಮೇಲೆ ಲೈನಿಂಗ್ ಇಲ್ಲ. ಲೋಹಕ್ಕೆ ಲೋಹವೇ ಉಜ್ಜಬೇಕು. ಹೊಸದರಲ್ಲಿ ನಿಂತ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ಹಿಡಿದಿಡಲು ಸಾಕು. ಸವೆದ ಮೇಲೆ, ಅಥವಾ ಆಕ್ಸಲಿನ ಎಣ್ಣೆ ಸೋರಿ ಡ್ರಮ್ಮಿನೊಳಗೆ ಸೇರಿದ ಮೇಲೆ, ಎಂಜಿನ್ ತಳ್ಳಿದರೆ ತಡೆಯುವ ತಾಕತ್ತು ಅದಕ್ಕೆಲ್ಲಿ?

ಚಳಿನಾಡಿನ ಜನ ಇದಕ್ಕೊಂದು ಉಪಾಯ ಕಂಡುಕೊಂಡರು. ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತುವುದು, ಉಳಿದ ಚಕ್ರಗಳಿಗೆ ಮರದ ತುಂಡು ಕೊಡುವುದು, ಆಮೇಲೆ ಹ್ಯಾಂಡಲ್ ಹೊಡೆಯುವುದು. ಎತ್ತಿದ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ಅಂಟಿದ ಕ್ಲಚ್ಚನ್ನು ಬಿಡಿಸಲು ಹೆಣಗುವ ಬದಲು ಚಕ್ರವೂ ಜೊತೆಗೆ ತಿರುಗಲಿ ಎಂದು ಬಿಟ್ಟುಬಿಡುವುದು. ಇದರಲ್ಲೊಂದು ವಿಚಿತ್ರವಿದೆ. ಎತ್ತಿದ ಚಕ್ರ ತಿರುಗಬೇಕಾದರೆ ಅದರ ಬ್ರೇಕ್ ಬಿಟ್ಟಿರಬೇಕು. ಅಂದರೆ ಲಿವರನ್ನು ಮುಂದಕ್ಕೆ ತಳ್ಳಿರಬೇಕು. ಅತಿ ಅಪಾಯದ ಬೆಳಿಗ್ಗೆಗಳಲ್ಲಿ ಜನ ಕಾವಲಿಗೆ ಕೊಟ್ಟ ಹ್ಯಾಂಡ್‌ಬ್ರೇಕನ್ನು ತಾವೇ ಬಿಡಿಸಿ, ಮರದ ತುಂಡನ್ನು ನಂಬಿದರು! ಕುಂದಾಪುರದ ನಮ್ಮ ಚಾಲಕರು ಅಲ್ಲಿದ್ದಿದ್ದರೆ ತಲೆದೂಗುತ್ತಿದ್ದರು.

ಚಳಿಯಿಲ್ಲದ ಊರಿನಲ್ಲಿ ತೊಂದರೆ ಇರಲಿಲ್ಲವೇ? ಇತ್ತು, ಬೇರೆ ರೂಪದಲ್ಲಿ. ಲಿವರ್ ಎಳೆದಾಗ ಕ್ಲಚ್ಚನ್ನು ಬಿಡಿಸುವುದು ಒಂದು ಸಣ್ಣ ಸ್ಕ್ರೂ. ಲಿವರಿನ ಶಾಫ್ಟಿಗೆ ಒಂದು ಉಬ್ಬು ಇದ್ದು, ಅದು ತಿರುಗಿ ಈ ಸ್ಕ್ರೂವನ್ನು ಎತ್ತುತ್ತದೆ. ವರ್ಷಗಟ್ಟಲೆ ಉಜ್ಜಿ ಇವೆರಡೂ ಸವೆದರೆ ಲಿವರ್ ಪೂರ್ತಿ ಹಿಂದೆ ಬಂದಿದ್ದರೂ ಕ್ಲಚ್ ಅರ್ಧ ಕಚ್ಚಿಯೇ ಇರುತ್ತದೆ. ಇನ್ನು ಲಿವರನ್ನು ಎಳೆದ ಜಾಗದಲ್ಲಿ ಹಿಡಿದಿಡುವುದು ಹಲ್ಲಿನ ಪಟ್ಟಿ ಮತ್ತು ಅದನ್ನು ಕಚ್ಚುವ ನಾಲಿಗೆ. ಆ ಹಲ್ಲು ಸವೆದರೆ ಲಿವರ್ ತಾನಾಗಿ ಮುಂದಕ್ಕೆ ಜಾರುತ್ತದೆ. ಬೇರೆ ಕಾರಿನಲ್ಲಾದರೆ ಬ್ರೇಕ್ ಬಿಟ್ಟುಹೋಗುತ್ತದೆ, ಅಷ್ಟೆ. ಇಲ್ಲಿ ಬ್ರೇಕ್ ಬಿಡುವುದರ ಜೊತೆಗೆ ಗೇರೂ ಬೀಳುತ್ತದೆ. ಒಂದೇ ಲಿವರಿಗೆ ಎರಡು ಕೆಲಸ ಕೊಟ್ಟದ್ದರ ಫಲ ಇದು.

ಜ್ವರ ಒಂದೇ, ರೋಗ ಹಲವು ಎನ್ನುವಂತೆ, ಒಡೆಯನಿಗೆ ಕಾಣುತ್ತಿದ್ದ ಲಕ್ಷಣ ಒಂದೇ: ಹ್ಯಾಂಡ್‌ಬ್ರೇಕ್ ಎಳೆದರೂ ಗಾಡಿ ನಿಲ್ಲುತ್ತಿಲ್ಲ. ಕಾರಣ ಎಣ್ಣೆ ಇರಬಹುದು, ಸ್ಕ್ರೂ ಇರಬಹುದು, ಹಲ್ಲು ಇರಬಹುದು, ಶೂ ಇರಬಹುದು, ಚಕ್ರದವರೆಗೆ ಹೋಗುವ ಕಂಬಿಯ ಕೀಲು ಸಡಿಲವಾಗಿರಬಹುದು. ಶೂ ಬದಲಿಸಿದವನಿಗೆ ಮಾರನೆಯ ಬೆಳಿಗ್ಗೆ ಗಾಡಿ ಮತ್ತೆ ತೆವಳಿದರೆ ಅಚ್ಚರಿ. ಎಂಜಿನ್ ಆರಿಸಿ, ಹಿಂದಿನ ಚಕ್ರಗಳನ್ನೆತ್ತಿ, ಲಿವರ್ ಎಳೆದು, ಕೈಯಿಂದ ಚಕ್ರ ತಿರುಗಿಸಿ ನೋಡಬೇಕು. ಚಕ್ರ ತಿರುಗಿದರೆ ತಪ್ಪು ಬ್ರೇಕಿನದು. ಬಿಗಿಯಾಗಿದ್ದರೆ ತಪ್ಪು ಕ್ಲಚ್ಚಿನ ಕಡೆ ಹುಡುಕಬೇಕು. ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದೇ ಪರಿಹಾರದ ಮೊದಲ ಹೆಜ್ಜೆ.

"ಕಾಲಿನ ಬ್ರೇಕ್ ಇತ್ತಲ್ಲ, ಅದು ಗಟ್ಟಿಯಿದ್ದರೆ ಸಾಕಲ್ಲವೇ?" ಎಂದು ನೀವು ಕೇಳಬಹುದು. ನನಗೂ ಹಾಗೇ ಅನಿಸಿತ್ತು. ಮಾಡೆಲ್ ಟಿಯ ಕಾಲಿನ ಬ್ರೇಕ್ ಚಕ್ರದ ಬಳಿ ಇರಲೇ ಇಲ್ಲ. ಅದು ಗೇರ್‌ಬಾಕ್ಸಿನೊಳಗಿನ ಒಂದು ಡ್ರಮ್ಮಿಗೆ ಸುತ್ತಿದ ಪಟ್ಟಿ. ಪೆಡಲ್ ಒತ್ತಿದರೆ ಆ ಪಟ್ಟಿ ಬಿಗಿಯುತ್ತದೆ. ಅದರ ಹಿಡಿತ ಉದ್ದದ ಶಾಫ್ಟಿನ ಮೂಲಕ, ಡಿಫರೆನ್ಷಿಯಲ್ ಮೂಲಕ, ಆಕ್ಸಲಿನ ಮೂಲಕ ಹಿಂದಿನ ಚಕ್ರಕ್ಕೆ ತಲುಪಬೇಕು. ನಡುವೆ ಒಂದು ಕೊಂಡಿ ಕಳಚಿದರೂ ಪೆಡಲ್ ಒತ್ತಿ ಪ್ರಯೋಜನವಿಲ್ಲ. ಆ ಸರಪಳಿಯಲ್ಲಿ ಒಂದು ಮೆದು ಕೊಂಡಿಯೂ ಇತ್ತು: ಹಿಂದಿನ ಆಕ್ಸಲಿನೊಳಗೆ ಬ್ಯಾಬಿಟ್ ಎಂಬ ಮೆದು ಲೋಹದ ವಾಷರ್‌ಗಳು. ಅವು ಕಾಲಾಂತರದಲ್ಲಿ ಪುಡಿಯಾದರೆ ಗೇರಿನ ಹಲ್ಲುಗಳು ಒಂದನ್ನೊಂದು ಬಿಟ್ಟು ದೂರ ಸರಿಯುತ್ತವೆ. ಆಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದುಹೋಗುತ್ತದೆ. ಕಾಲಿನ ಬ್ರೇಕೂ ಹೋಯಿತು. ತುರ್ತಿನಲ್ಲಿ ಚಾಲಕರು ಬ್ರೇಕಿನಂತೆ ಒತ್ತುತ್ತಿದ್ದ ರಿವರ್ಸ್ ಪೆಡಲೂ ಹೋಯಿತು, ಏಕೆಂದರೆ ಅದೂ ಅದೇ ಶಾಫ್ಟನ್ನು ನಂಬಿದ್ದು.

ಬೆಟ್ಟ ಇಳಿಯುವಾಗ ಹೀಗಾದರೆ ಉಳಿಯುವುದು ಯಾವುದು? ಅದೇ ಬಡಕಲು ಹ್ಯಾಂಡ್‌ಬ್ರೇಕ್. ಯಾವುದನ್ನು ‘ನಿಂತ ಗಾಡಿಗೆ ಸಾಕು’ ಎಂದು ಬಡವಾಗಿ ಮಾಡಿದ್ದರೋ ಅದೇ ಓಡುವ ಗಾಡಿಯ ಕೊನೆಯ ಆಸರೆ. ಮನೆಯಲ್ಲಿ ಯಾರೂ ಲೆಕ್ಕಕ್ಕಿಡದ ಕಿರಿಯ ಮಗನ ಹೆಗಲ ಮೇಲೆ ಇದ್ದಕ್ಕಿದ್ದಂತೆ ಇಡೀ ಸಂಸಾರ ಬಿದ್ದ ಹಾಗೆ.

ಕಂಪನಿ ಹೆಚ್ಚು ಮಾಡದ್ದನ್ನು ಹೊರಗಿನವರು ಮಾಡಿದರು. ಬಿಡಿಭಾಗ ಮಾಡುವವರು ಹಿಂದಿನ ಡ್ರಮ್ಮಿನ ಹೊರಮೈಗೆ ಬಿಗಿಯುವ ಪಟ್ಟಿಯ ಬ್ರೇಕುಗಳನ್ನು ಮಾರತೊಡಗಿದರು. ಅವುಗಳಲ್ಲಿ ‘ರಾಕಿ ಮೌಂಟನ್’ ಬ್ರೇಕ್ ಹೆಸರುವಾಸಿ. ಬೆಟ್ಟದ ಹೆಸರೇ ಅದು ಯಾರಿಗೆ ಬೇಕಾಗಿತ್ತೆಂದು ಹೇಳುತ್ತದೆ. ‘ರಕ್‌ಸ್ಟೆಲ್’ ಎಂಬ ಎರಡು ವೇಗದ ಹಿಂದಿನ ಆಕ್ಸಲ್ ಹಾಕಿಸಿಕೊಂಡವರಿಗಂತೂ ಇಂಥದ್ದು ಅಗತ್ಯವೇ ಆಯಿತು. ಆ ಆಕ್ಸಲಿನ ಎರಡು ಗೇರುಗಳ ನಡುವೆ ಲಿವರ್ ಸಿಕ್ಕಿಕೊಂಡರೆ ಚಕ್ರಗಳು ಸ್ವತಂತ್ರವಾಗಿಬಿಡುತ್ತವೆ, ಕಾಲಿನ ಬ್ರೇಕ್ ಮುಟ್ಟುವುದೇ ಇಲ್ಲ. ಇಂದಿಗೂ ಈ ಗಾಡಿಗಳನ್ನು ಓಡಿಸುವ ಹವ್ಯಾಸಿಗಳು ಮೊದಲು ಮಾಡಿಸುವ ಕೆಲಸಗಳಲ್ಲಿ ಒಂದು, ಆ ಬ್ಯಾಬಿಟ್ ವಾಷರ್ ತೆಗೆಸಿ ಕಂಚಿನದು ಹಾಕಿಸುವುದು.

ಕಂಪನಿಯೂ ನಿಧಾನವಾಗಿ ಬದಲಾಯಿತು. 1919ರಲ್ಲಿ ಮಾಡೆಲ್ ಟಿಗೆ ವಿದ್ಯುತ್ ಸ್ಟಾರ್ಟರ್ ಬಂತು. ಅದಿದ್ದ ಗಾಡಿಯ ಮುಂದೆ ಬಗ್ಗಿ ನಿಲ್ಲುವ ಕೆಲಸ ತಪ್ಪಿತು. 1926ರ ಮಾದರಿಗೆ ಹಿಂದಿನ ಡ್ರಮ್ಮು 11 ಇಂಚಿನದಾಯಿತು, ಶೂಗಳಿಗೆ ಲೈನಿಂಗ್ ಬಂತು. ಆ ಹೊತ್ತಿಗೆ ಗಾಡಿಯ ಆಯುಷ್ಯ ಒಂದೆರಡು ವರ್ಷ ಮಾತ್ರ ಉಳಿದಿತ್ತು.

ಈ ಕಥೆಗೆ ಒಂದು ಬಾಲವಿದೆ. 1927ರ ಡಿಸೆಂಬರಿನಲ್ಲಿ ಫೋರ್ಡ್ ಹೊಸ ಗಾಡಿಯನ್ನು ಜನರೆದುರು ತಂದ. ಅದು ಮಾಡೆಲ್ ಎ. ಈಗ ನಾಲ್ಕೂ ಚಕ್ರಕ್ಕೆ ಬ್ರೇಕ್. ಆದರೆ ಮೊದಮೊದಲ ಗಾಡಿಗಳಲ್ಲಿ ಕಾಲಿನ ಪೆಡಲೂ ಹ್ಯಾಂಡ್‌ಬ್ರೇಕಿನ ಲಿವರೂ ಅವೇ ಶೂಗಳನ್ನು ಒತ್ತುತ್ತಿದ್ದವು. ಪೆನ್ಸಿಲ್ವೇನಿಯಾ ಮುಂತಾದ ಕಡೆ ಸರ್ಕಾರದವರು ಇದನ್ನು ಒಪ್ಪಲಿಲ್ಲ. ಎರಡು ಬ್ರೇಕ್ ಬೇಕೆಂದರೆ ಎರಡು ಹಿಡಿಕೆ ಎಂದರ್ಥವಲ್ಲ, ಒಂದು ಕೆಟ್ಟರೂ ಇನ್ನೊಂದು ಉಳಿಯಬೇಕು ಎಂಬುದು ಅವರ ವಾದ. 1928ರಲ್ಲಿ ಫೋರ್ಡ್ ಹ್ಯಾಂಡ್‌ಬ್ರೇಕಿಗೆ ಪ್ರತ್ಯೇಕ ಏರ್ಪಾಡು ಮಾಡಬೇಕಾಯಿತು.

ನನಗೆ ಈ ಇಡೀ ಚರಿತ್ರೆಯ ತಿರುಳು ಇಲ್ಲಿದೆ ಅನಿಸುತ್ತದೆ. ಒಂದೇ ದಾರಕ್ಕೆ ಕಟ್ಟಿದ ಎರಡು ಗಂಟುಗಳು ಎರಡು ಆಸರೆಯಲ್ಲ. ದಾರ ಹರಿದರೆ ಎರಡೂ ಬೀಳುತ್ತವೆ. ಮಾಡೆಲ್ ಟಿಯ ಹ್ಯಾಂಡ್‌ಬ್ರೇಕ್ ಬಡಕಲಾಗಿದ್ದರೂ ಒಂದು ಗುಣ ಇತ್ತು: ಅದರ ದಾರಿ ಬೇರೆ. ಶಾಫ್ಟ್ ಮುರಿದರೂ ಅದು ಚಕ್ರವನ್ನು ಮುಟ್ಟಬಲ್ಲದು. ಕೊರತೆಯಿದ್ದದ್ದು ಬಲದಲ್ಲಿ. ಮಾಡೆಲ್ ಎ ಮೊದಲಿಗೆ ಬಲ ಕೊಟ್ಟಿತು, ಬೇರೆ ದಾರಿಯನ್ನು ಕಸಿದುಕೊಂಡಿತು. ಎರಡೂ ಒಟ್ಟಿಗೆ ಬೇಕೆಂದು ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು.

ಈಗ ಮಲಬಾರ್ ಹಿಲ್‌ನ ಇಟ್ಟಿಗೆಗೆ ಬರೋಣ. ಅಂದು ನಾನು ಅದನ್ನು ಅಜ್ಞಾನವೆಂದೋ ಬಡತನವೆಂದೋ ತಿಳಿದಿದ್ದೆ. ಈಗ ಹಾಗನಿಸುವುದಿಲ್ಲ. ಇಟ್ಟಿಗೆಗೆ ಕೇಬಲ್ ಇಲ್ಲ, ಎಣ್ಣೆ ಇಲ್ಲ, ಸ್ಕ್ರೂ ಇಲ್ಲ. ಗಾಡಿಯೊಳಗೆ ಏನು ಕೆಟ್ಟರೂ ಇಟ್ಟಿಗೆ ಕೆಡುವುದಿಲ್ಲ. ಪೆನ್ಸಿಲ್ವೇನಿಯಾದವರು ಕಾನೂನಿನಲ್ಲಿ ಕೇಳಿದ ‘ಪ್ರತ್ಯೇಕ ಬ್ರೇಕ್’ ಅದೇ ತಾನೇ? ಹಾಗೆಂದು ಹ್ಯಾಂಡ್‌ಬ್ರೇಕ್ ರಿಪೇರಿ ಮಾಡಿಸದೆ ಇಟ್ಟಿಗೆಯನ್ನೇ ನಂಬಿ ಕೂರಬಾರದು. ಆ ಒಂದು ಗೇಣು ಜಾರಿದ ಹೊತ್ತಿನಲ್ಲಿ ಗಾಡಿಯ ಮುಂದೆ ಯಾವುದಾದರೂ ಮಗು ಇದ್ದಿದ್ದರೆ ಎಂದು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಇಟ್ಟಿಗೆ ಎರಡನೆಯ ಆಸರೆಯಾಗಿರಲಿ, ಮೊದಲನೆಯದಾಗದಿರಲಿ.

ಅಂದು ಹಿಂತಿರುಗುವಾಗ ಚಾಲಕರಿಗೆ ಇಷ್ಟನ್ನು ಹೇಳುವ ತಿಳಿವಳಿಕೆ ನನಗಿರಲಿಲ್ಲ. "ಒಮ್ಮೆ ಗ್ಯಾರೇಜಿಗೆ ತೋರಿಸಿ ಅಣ್ಣ" ಎಂದಷ್ಟೇ ಹೇಳಿದೆ. "ತೋರಿಸ್ತೆ ಅಕ್ಕ" ಎಂದು ನಕ್ಕು, ಇಟ್ಟಿಗೆಯನ್ನು ಎತ್ತಿ, ಮಳೆನೀರು ಒರೆಸಿ, ಜೋಪಾನವಾಗಿ ಸೀಟಿನ ಕೆಳಗೆ ಇಟ್ಟುಕೊಂಡರು.

ನಿಮ್ಮ ಮನೆಯಲ್ಲೂ ಹಳೆಯ ಗಾಡಿಯೊಂದು ಇದ್ದರೆ ಈ ಭಾನುವಾರ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಅದರ ಹ್ಯಾಂಡ್‌ಬ್ರೇಕನ್ನು ಒಮ್ಮೆ ಎಳೆದು ನೋಡಿ. ‘ಇತ್ತ್’ ಎನ್ನುತ್ತದೋ, ‘ಇತ್ತು’ ಎನ್ನುತ್ತದೋ ಕೇಳಿಸಿಕೊಳ್ಳಿ. ಎರಡಕ್ಕೂ ಇರುವ ಅಂತರ ಒಂದು ಗೇಣು ಮಾತ್ರ.

ಮುಂದಿನ ವಾರ ಮತ್ತೆ ದನಿಯಲ್ಲಿ ಸಿಗೋಣ. ಅಲ್ಲಿಯವರೆಗೆ ನಮಸ್ಕಾರ.